ಹಳೇ ಕಾರಿನ ಎಂಜಿನ್ ಆಯಿಲ್ ಎಲ್ಲಿ ಹೋಗುತ್ತಿದೆ? ಎಂಜಿನ್ ಬಿಚ್ಚಿಸುವ ಮೊದಲು ನೀವೇ ಮಾಡಬಹುದಾದ ತಪಾಸಣೆ

"ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ. ಸೈಲೆನ್ಸರಿನಲ್ಲಿ ಹೊಗೆಯೂ ಕಾಣುವುದಿಲ್ಲ. ಆದರೂ ಸರ್ವೀಸ್ ಆಗಿ ಎರಡು ತಿಂಗಳಿಗೆ ಡಿಪ್‌ಸ್ಟಿಕ್ ತಳ ತೋರಿಸುತ್ತಿದೆ. ಎಂಜಿನ್ ಕೆಲಸ ಮಾಡಿಸಲೇಬೇಕಾ?" ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಗಾಡಿಗಳೂ ಹೆಚ್ಚುಕಡಿಮೆ ಒಂದೇ ಬಗೆಯವು: ಲಕ್ಷ ಕಿಲೋಮೀಟರ್ ದಾಟಿದ ಮಾರುತಿ 800, ಓಮ್ನಿ, ಆಲ್ಟೊ, ಡೀಸೆಲ್ ಸ್ವಿಫ್ಟ್, ಬೊಲೆರೊ.

ಆಯಿಲ್ ಎಷ್ಟು ಹೋಗುತ್ತಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಗೊತ್ತಾಗುವವರೆಗೆ ಎಂಜಿನ್ ಬಿಚ್ಚಲು ಒಪ್ಪಬೇಡಿ. ಎಂಜಿನ್ನಿನಿಂದ ಆಯಿಲ್ ಕಳೆದುಹೋಗಲು ಇರುವುದು ಮೂರೇ ದಾರಿ. ಹೊರಗೆ ಸೋರುತ್ತದೆ, ಒಳಗೆ ಉರಿಯುತ್ತದೆ, ಇಲ್ಲವೇ ಕೂಲೆಂಟ್ ನೀರಿಗೆ ಸೇರುತ್ತದೆ. ಮೊದಲೆರಡರಲ್ಲೂ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕಾರಣಗಳೂ ಇವೆ, ಹತ್ತಾರು ಸಾವಿರ ಕೇಳುವ ಕಾರಣಗಳೂ ಇವೆ. ಅಗ್ಗದವನ್ನು ಮೊದಲು ನೋಡಿ ತೆಗೆದುಹಾಕುವುದು ಈ ಲೇಖನದ ಕ್ರಮ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಳ್ಳೆಯ ಟಾರ್ಚ್, ನೂಲು ಬಿಡದ ಹಳೇ ಬಟ್ಟೆ, 50 ಮಿಲಿ ಗೆರೆಗಳಿರುವ ಅಳತೆ ಮಗ್ಗು, ಫನಲ್, ದೊಡ್ಡ ರಟ್ಟು, ಬ್ರಷ್, ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ), ಒಂದು ಡಬ್ಬಿ ಟಾಲ್ಕಂ ಪೌಡರ್, ಪ್ಲಗ್ ಸ್ಪ್ಯಾನರ್, ಒಂದು ನೋಟ್‌ಬುಕ್. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಪಿಟ್ ಅಥವಾ ರ‍್ಯಾಂಪ್ ಇರುವ ಕಡೆ ಹೋಗಿ, ಇಲ್ಲವೇ ಸ್ಟ್ಯಾಂಡ್ ಇಟ್ಟುಕೊಳ್ಳಿ.

ಹಂತ 1: ಡಿಪ್‌ಸ್ಟಿಕ್ ಸರಿಯಾಗಿ ಓದಿ

ಎಷ್ಟೋ "ಆಯಿಲ್ ನಷ್ಟ" ಇಲ್ಲಿಗೇ ಮುಗಿಯುತ್ತದೆ. ಮಲೆನಾಡಿನ ಮನೆಯಂಗಳ ಕಣ್ಣಿಗೆ ಮಟ್ಟಸವಾಗಿ ಕಂಡರೂ ಮಳೆನೀರು ಹರಿದುಹೋಗಲೆಂದು ಒಂದು ಕಡೆಗೆ ವಾಟ ಇರುತ್ತದೆ. ಆ ಇಳಿಜಾರಿನಲ್ಲಿ ಗಾಡಿಯ ಮೂತಿ ಮೇಲಿದ್ದಾಗ ಒಂದು ಅಳತೆ, ಕೆಳಗಿದ್ದಾಗ ಇನ್ನೊಂದು. ಮಟ್ಟಸವಾದ ಒಂದೇ ಜಾಗ ಗೊತ್ತುಮಾಡಿಕೊಂಡು, ಪ್ರತಿ ಸಲ ಗಾಡಿಯನ್ನು ಅದೇ ದಿಕ್ಕಿಗೆ ನಿಲ್ಲಿಸಿ ನೋಡಿ.

ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಮೇಲಿರುವ ಆಯಿಲ್ ಕೆಳಗಿನ ಚೇಂಬರಿಗೆ (ಆಯಿಲ್ ನಿಲ್ಲುವ ತೊಟ್ಟಿಗೆ) ಇಳಿಯಲು ಅಷ್ಟು ಹೊತ್ತು ಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ಎರಡೂ ಬದಿ ನೋಡಿ. ಎರಡು ಬದಿಯಲ್ಲಿ ವ್ಯತ್ಯಾಸ ಕಂಡರೆ ಕೆಳಗಿನ ಅಳತೆಯೇ ಸರಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರ್ ಅಂತರ, ಸಣ್ಣ ಎಂಜಿನ್‌ಗಳಲ್ಲಿ ಇನ್ನೂ ಕಡಿಮೆ.

ಸರ್ವೀಸ್ ಮುಗಿದ ದಿನವೇ, ಗ್ಯಾರೇಜಿನಲ್ಲಿ ನಿಂತೇ ಒಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ. ಮ್ಯಾನುಯಲ್ ಹೇಳಿದಷ್ಟು ಹಾಕದೆ ಡಬ್ಬಿಯಲ್ಲಿ ಇದ್ದಷ್ಟು ಸುರಿದುಬಿಡುವುದು ಸಾಮಾನ್ಯ. ಮೊದಲ ದಿನವೇ ಅರ್ಧ ಲೀಟರ್ ಕಮ್ಮಿ ಬಿದ್ದಿದ್ದರೆ ಎರಡು ತಿಂಗಳ ಮೇಲೆ ಅದು ನಷ್ಟದಂತೆ ಕಾಣುತ್ತದೆ. ಜಾಸ್ತಿ ಬಿದ್ದರೂ ಕಷ್ಟವೇ. ಮೇಲಿನ ಗುರುತು ದಾಟಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ಆ ನೊರೆ ಬ್ರೀದರ್ ಪೈಪಿನ (ಎಂಜಿನ್ ಒಳಗಿನ ಗ್ಯಾಸ್ ಹೊರಗೆಳೆಯುವ ಪೈಪು) ಮೂಲಕ ಗಾಳಿಯ ದಾರಿಗೆ ಹೋಗಿ ಉರಿಯುತ್ತದೆ. ಜಾಸ್ತಿ ಹಾಕಿದ್ದು ತಾನಾಗಿ ಖರ್ಚಾಗಿ ಹೋಗುತ್ತದೆ, ನೀವು ಮಾತ್ರ ಗಾಡಿ ಆಯಿಲ್ ಕುಡಿಯುತ್ತಿದೆ ಎಂದು ಹೆದರುತ್ತೀರಿ.

ಹಂತ 2: ಸಾವಿರ ಕಿಲೋಮೀಟರಿನ ಲೆಕ್ಕ

ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, ಓಡೊಮೀಟರ್ ಬರೆದುಕೊಳ್ಳಿ. ಪ್ರತಿ 250 ಕಿಲೋಮೀಟರಿಗೆ ನೋಡಿ. ಕಡಿಮೆಯಾದಾಗ ಮಗ್ಗಿನಲ್ಲಿ ಅಳೆದೇ ಹಾಕಿ, ಎಷ್ಟು ಮಿಲಿ ಎಂದು ಬರೆಯಿರಿ. ಸಾವಿರ ಕಿಲೋಮೀಟರ್ ಆದಾಗ ಒಟ್ಟು ಕೂಡಿಸಿ. 1,500 ಕಿಲೋಮೀಟರಿಗೆ 600 ಮಿಲಿ ಹಾಕಿದ್ದರೆ ನಿಮ್ಮ ಗಾಡಿಯ ಖರ್ಚು ಸಾವಿರಕ್ಕೆ 400 ಮಿಲಿ. "ಸ್ವಲ್ಪ ಸ್ವಲ್ಪ ಹಾಕ್ತಾ ಇರ್ತೀನಿ" ಎನ್ನುವ ಮಾತಿನಿಂದ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ಈ ಒಂದು ಅಂಕಿ ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಎಷ್ಟಾದರೆ ಚಿಂತೆ? ಎಷ್ಟೋ ತಯಾರಕರು ಸಾವಿರ ಕಿಲೋಮೀಟರಿಗೆ ಅರ್ಧದಿಂದ ಒಂದು ಲೀಟರಿನವರೆಗೂ ತಮ್ಮ ಮಿತಿಯೊಳಗೇ ಇಟ್ಟುಕೊಳ್ಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ತುಂಬ ಉದಾರವಾದ ಮಿತಿ. ಲಕ್ಷ ದಾಟಿದ ಎಂಜಿನ್ ಸಾವಿರಕ್ಕೆ 200–300 ಮಿಲಿ ತೆಗೆದುಕೊಂಡರೆ ಹಾಕಿಕೊಂಡು ಓಡಿಸಿ. 500 ದಾಟಿದರೆ ಕಾರಣ ಹುಡುಕಿ. ಒಂದು ಲೀಟರ್ ದಾಟಿದರೆ ರಿಪೇರಿ ಮುಂದೂಡಬೇಡಿ.

ಇಲ್ಲೊಂದು ಮೋಸವಿದೆ. ಮನೆಯಿಂದ ಪೇಟೆಗೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ ಓಡುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿಯದೆ ಉಳಿದ ಪೆಟ್ರೋಲೂ ತೇವಾಂಶವೂ ಆಯಿಲ್ ಜೊತೆ ಸೇರಿ ಮಟ್ಟ ಇಳಿಯದಂತೆ ಕಾಣುತ್ತದೆ. ಅದೇ ಗಾಡಿಯಲ್ಲಿ ಒಮ್ಮೆ ಬೆಂಗಳೂರಿಗೆ ಹೋಗಿಬಂದರೆ ಆ ಕಲಬೆರಕೆ ಆವಿಯಾಗಿ ಆಯಿಲ್ ದಿಢೀರನೆ ಇಳಿದಿರುತ್ತದೆ. ಒಂದೇ ಪ್ರಯಾಣದಲ್ಲಿ ಹೋದದ್ದಲ್ಲ ಅದು, ಮೊದಲೇ ಹೋಗಿತ್ತು. ಹಾಗಾಗಿ ಲೆಕ್ಕದಲ್ಲಿ ದೂರದ ಓಟ, ಹತ್ತಿರದ ಓಟ ಎರಡೂ ಇರಲಿ.

ಹಂತ 3: ಹೊರಗೆ ಸೋರುತ್ತಿದೆಯೇ?

ನೆಲದಲ್ಲಿ ಹನಿ ಇಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದಲ್ಲ. ಕೆಲವು ಜಾಗ ಎಂಜಿನ್ ಓಡುವಾಗ, ಆಯಿಲ್ ಬಿಸಿಯಾಗಿ ತೆಳುವಾಗಿ ಪ್ರೆಷರ್ ಇರುವಾಗ ಮಾತ್ರ ಸೋರುತ್ತವೆ. ಬಿದ್ದ ಆಯಿಲ್ ಕಾದ ಎಕ್ಸಾಸ್ಟ್ ಮೇಲೆ ಸುಟ್ಟುಹೋಗುತ್ತದೆ, ಇಲ್ಲವೇ ಗಾಳಿಗೆ ಹಿಂದಕ್ಕೆ ಹಾರಿ ಗಾಡಿಯ ತಳಕ್ಕೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ರಸ್ತೆಯ ನೀರು ಗುರುತನ್ನೇ ತೊಳೆದುಬಿಡುತ್ತದೆ. ಗಾಡಿ ನಿಲ್ಲಿಸಿದಾಗ ಒಳಗೆ ಸುಟ್ಟ ಆಯಿಲ್ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಎಕ್ಸಾಸ್ಟ್ ಮೇಲಿನ ಭಾಗ.

ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್, ಬ್ರಷ್ ಹಾಕಿ ಹಳೇ ಜಿಡ್ಡು ತೆಗೆಯಿರಿ. ಆಲ್ಟರ್ನೇಟರ್, ಕಾಯಿಲ್, ವೈರಿಂಗ್ ಸಾಕೆಟ್‌ಗಳನ್ನು ಪ್ಲಾಸ್ಟಿಕ್ ಕವರಿನಿಂದ ಮುಚ್ಚಿ. ಜೋರು ನೀರಿನ ಗನ್ ಬೇಡ. ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಬೆಲ್ಟ್ ಮೇಲೆ ಬೀಳಬಾರದು. ಒಣ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿಯ ಮೇಲೆ ಕಂದು ಗೆರೆ ಎದ್ದು ಕಾಣುತ್ತದೆ. ರಾತ್ರಿ ಅಡಿಯಲ್ಲಿ ರಟ್ಟು ಹಾಸಿ ಎಂಜಿನ್ ಯಾವ ಕಡೆ, ಗೇರ್‌ಬಾಕ್ಸ್ ಯಾವ ಕಡೆ ಎಂದು ಅದರ ಮೇಲೆ ಬರೆದಿಡಿ.

ಆಯಿಲ್ ಕೆಳಕ್ಕೂ ಹಿಂದಕ್ಕೂ ಹರಿಯುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಎಲ್ಲಕ್ಕಿಂತ ಮುಂದಿನದನ್ನು ಹುಡುಕಿ. ಸೋರಿಕೆಯ ಮೂಲ ಅಲ್ಲೇ. ಈ ಕ್ರಮದಲ್ಲಿ ನೋಡುತ್ತ ಬನ್ನಿ:

ಟ್ಯಾಪೆಟ್ ಕವರ್ ಪ್ಯಾಕಿಂಗ್ ಮೊದಲು. ಎಂಜಿನ್ನಿನ ನೆತ್ತಿಯ ಮುಚ್ಚಳದ ಕೆಳಗಿನ ಈ ರಬ್ಬರ್ ವರ್ಷಗಟ್ಟಲೆ ಬಿಸಿಗೆ ಸೆಟೆದು ಬಿರುಸಾಗುತ್ತದೆ. ಸೋರುತ್ತದೆಂದು ಬೋಲ್ಟ್ ಇನ್ನಷ್ಟು ಬಿಗಿದರೆ ತಗಡಿನ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ. ಪ್ಯಾಕಿಂಗ್ ಬದಲಿಸಿ, ಮಧ್ಯದಿಂದ ಶುರುಮಾಡಿ ಸಮನಾಗಿ ಹದವಾಗಿ ಬಿಗಿಯಿರಿ.

ಆಯಿಲ್ ಪ್ರೆಷರ್ ಸ್ವಿಚ್ ಎಂಬುದು ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪಕ್ಕೆ ಸುದ್ದಿ ಕಳಿಸುವ ಸಣ್ಣ ಭಾಗ. ಅದರ ವೈರ್ ಕಿತ್ತು ನೋಡಿ. ಸಾಕೆಟ್ ಒಳಗೆ ಆಯಿಲ್ ಇದ್ದರೆ ಸ್ವಿಚ್ ಒಡೆದಿದೆ ಎಂದೇ ಅರ್ಥ. ಅಗ್ಗದ ಸಾಮಾನು, ಹತ್ತು ನಿಮಿಷದ ಕೆಲಸ.

ಆಯಿಲ್ ಫಿಲ್ಟರ್ ಬದಲಿಸಿದ ತಕ್ಷಣ ಸೋರಿಕೆ ಶುರುವಾಗಿದ್ದರೆ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ನೋಡಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಯಾವ ಕ್ಷಣದಲ್ಲಾದರೂ ಪೂರ್ತಿ ಆಯಿಲ್ ಹೊರಬರಬಹುದು. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಾಗಿರಲಿ.

ತೋಟದ ರಸ್ತೆಯಲ್ಲಿ ಓಡುವ ಗಾಡಿಗಳಿಗೆ ಚೇಂಬರ್ ತಳ ನೋಡುವುದು ಕಡ್ಡಾಯ. ಜಂಬಿಟ್ಟಿಗೆ ಕಲ್ಲು ತಗುಲಿ ಒಳಕ್ಕೆ ತಗ್ಗಾಗಿದ್ದರೆ ಸೋರಿಕೆಗಿಂತ ದೊಡ್ಡ ಅಪಾಯ ಇನ್ನೊಂದಿದೆ: ಆಯಿಲ್ ಹೀರುವ ಜಾಲರಿಗೂ ತಳಕ್ಕೂ ನಡುವಿನ ಜಾಗ ಕಿರಿದಾಗಿ ಪ್ರೆಷರ್ ಬೀಳುತ್ತದೆ.

ಡಿಸ್ಟ್ರಿಬ್ಯೂಟರ್ ಇರುವ ಹಳೇ ಪೆಟ್ರೋಲ್ ಗಾಡಿಗಳಲ್ಲಿ ಅದರ ಬುಡದ ಓ-ರಿಂಗ್ ನೋಡಿ. ಕೊನೆಯದಾಗಿ ಕ್ರ್ಯಾಂಕ್ ಆಯಿಲ್ ಸೀಲ್‌ಗಳು, ಮುಂದಿನದು ಮತ್ತು ಹಿಂದಿನದು. ಹಿಂದಿನ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಎಂಜಿನ್–ಗೇರ್‌ಬಾಕ್ಸ್ ಸಂಧಿಯಲ್ಲಿ ಆಯಿಲ್ ಕಂಡ ಕೂಡಲೇ ಅದೇ ಎಂದು ತೀರ್ಮಾನಿಸಬೇಡಿ. ಟ್ಯಾಪೆಟ್ ಕವರಿನ ಹಿಂಭಾಗದಿಂದ ಸೋರಿದ್ದೂ ಹರಿದು ಅಲ್ಲಿಗೇ ಬರುತ್ತದೆ. ಗೇರ್ ಆಯಿಲ್ ಆಗಿದ್ದರೆ ಗಂಧಕದಂತೆ ಕಟುವಾದ ವಾಸನೆ ಇರುತ್ತದೆ.

ಹಂತ 4: ಬ್ರೀದರ್ ಮತ್ತು ಪಿಸಿವಿ ವಾಲ್ವ್

ಯಾವ ಸೀಲ್ ಬದಲಿಸುವ ಮೊದಲೂ ಇದನ್ನು ನೋಡಲೇಬೇಕು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗಿಳಿಯುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಇದು "ಬ್ಯಾಕ್ ಕಂಪ್ರೆಷನ್". ಆ ಗ್ಯಾಸನ್ನು ಹೊರಗೆಳೆದು ಮತ್ತೆ ಎಂಜಿನ್ನಿಗೇ ಉರಿಯಲು ಕಳಿಸುವ ಪೈಪು ಬ್ರೀದರ್. ಅದರ ಹರಿವನ್ನು ಹಿಡಿತದಲ್ಲಿಡುವುದು ಪಿಸಿವಿ ವಾಲ್ವ್. ಇದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸಿಕ್ಕ ಸಿಕ್ಕ ಸೀಲಿನಿಂದ ಆಯಿಲ್ ಹೊರದೂಡುತ್ತದೆ. ಹೊಸ ಸೀಲ್ ಹಾಕಿಸಿ ತಿಂಗಳಿಗೇ ಮತ್ತೆ ಸೋರಿದರೆ ಸೀಲನ್ನು ದೂರುವ ಬದಲು ಇಲ್ಲಿ ನೋಡಿ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಇನ್ನೊಂದು ತೊಂದರೆ: ಆಯಿಲ್ ನೇರವಾಗಿ ಇನ್‌ಟೇಕಿಗೆ (ಎಂಜಿನ್ನಿಗೆ ಗಾಳಿ ಹೋಗುವ ದಾರಿಗೆ) ಎಳೆದುಕೊಂಡು ಹೋಗುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ತೆಳುವಾದ ಗಟ್ಟಿ ಪ್ಲಾಸ್ಟಿಕ್ ಹಾಳೆ ಇಡಿ. ಮೆಲ್ಲಗೆ ಒಳಕ್ಕೆ ಹೀರಿಕೊಂಡರೆ ಸರಿಯಿದೆ. ಹೊರಕ್ಕೆ ತಳ್ಳಿದರೆ ಬ್ರೀದರ್ ಕಟ್ಟಿದೆ ಅಥವಾ ಬ್ಯಾಕ್ ಕಂಪ್ರೆಷನ್ ಮಿತಿಮೀರಿದೆ. ಪಿಸಿವಿ ವಾಲ್ವ್ ಕಳಚಿ ಅಲುಗಾಡಿಸಿ. ಒಳಗಿನ ಗುಂಡು ಟಕ್ ಟಕ್ ಎನ್ನಬೇಕು. ಸದ್ದಿಲ್ಲದಿದ್ದರೆ ಬದಲಿಸಿ. ಪೈಪುಗಳನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ. ಕೊಟ್ಟಿಗೆ, ಶೆಡ್‌ಗಳಲ್ಲಿ ನಿಲ್ಲುವ ಗಾಡಿಯಲ್ಲಿ ಇಲಿ ಕಡಿದಿರುವುದು ಹೊಸತೇನಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಮುಚ್ಚಳ ತೆಗೆದರೆ ಅಲ್ಪಸ್ವಲ್ಪ ಹಬೆ ಬರುವುದು ಸಹಜ. ಮುಚ್ಚಳವನ್ನು ಬೋರಲಾಗಿ ಸುಮ್ಮನೆ ಮೇಲಿಟ್ಟು ನೋಡಿ. ಅಲುಗಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಚೆನ್ನಾಗಿಲ್ಲ. ಕೆಲವು ಎಂಜಿನ್‌ಗಳು ಬಾಯಿಯಿಂದ ಬಿಸಿ ಆಯಿಲ್ ಚಿಮ್ಮಿಸುತ್ತವೆ, ಮುಖ ದೂರವಿರಲಿ.

ಹಂತ 5: ಹೊಗೆ ಯಾವಾಗ ಬರುತ್ತದೆ?

ಆಯಿಲ್ ಉರಿದ ಹೊಗೆ ನೀಲಿ ಛಾಯೆಯ ಬೂದು, ವಾಸನೆ ಕಟು. ಕಪ್ಪು ಹೊಗೆ ಇಂಧನ ಹೆಚ್ಚಾದದ್ದು. ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಬರೀ ನೀರಾವಿ. ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್. ಹೊಗೆಯ ಬಣ್ಣಕ್ಕಿಂತ ಅದು ಬರುವ ಸಮಯವೇ ಹೆಚ್ಚು ಹೇಳುತ್ತದೆ.

ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮೋಡ ನೀಲಿ ಹೊಗೆ ಬಿಟ್ಟು ನಿಂತುಹೋದರೆ ವಾಲ್ವ್ ಸೀಲ್. ವಾಲ್ವ್ ಕಡ್ಡಿಯ ಸುತ್ತಲಿನ ಈ ಪುಟ್ಟ ರಬ್ಬರ್ ಟೋಪಿ ಗಟ್ಟಿಯಾದರೆ ಮೇಲಿನ ಆಯಿಲ್ ರಾತ್ರಿ ಹನಿಹನಿಯಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಏರು ಹತ್ತುವಾಗ, ಲೋಡ್ ಬಿದ್ದಾಗ ನಿರಂತರ ನೀಲಿ ಹೊಗೆ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್ಸ್ ಕಡೆ ಅನುಮಾನ ಪಡಿ.

ಪೆಟ್ರೋಲ್ ಗಾಡಿ ಇರುವವರಿಗೆ ನಮ್ಮ ಘಾಟಿಗಳಿಗಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಡ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದ ಕಡೆಗೆ ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ಇಳಿಯಿರಿ. ಹುಲಿಕಲ್ ಘಾಟಿಯಾದರೂ ಆದೀತು. ಥ್ರಾಟಲ್ ಮುಚ್ಚಿದ್ದು ಎಂಜಿನ್ ವೇಗವಾಗಿ ತಿರುಗುವಾಗ ಇನ್‌ಟೇಕಿನಲ್ಲಿ ಬಲವಾದ ಹೀರುವಿಕೆ ಉಂಟಾಗುತ್ತದೆ. ಸವೆದ ವಾಲ್ವ್ ಸೀಲ್, ವಾಲ್ವ್ ಗೈಡುಗಳ ಸಂದಿನಿಂದ ಆಯಿಲ್ ಒಳಕ್ಕೆ ಬರುವುದು ಆಗಲೇ. ಕೆಳಗೆ ಸಮತಟ್ಟಾದ ರಸ್ತೆಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ ಎದ್ದರೆ ರೋಗ ಮೇಲುಭಾಗದಲ್ಲಿದೆ. ಹೆಡ್ (ಎಂಜಿನ್ನಿನ ಮೇಲುಭಾಗ) ಕೆಲಸ ಸಾಕು, ಬೋರ್ (ಸಿಲಿಂಡರ್ ಕೊರೆಸುವ ಕೆಲಸ) ಬೇಡ. ಹಿಂದಿನ ಗಾಡಿಯಲ್ಲಿ ಗೊತ್ತಿದ್ದವರೊಬ್ಬರು ನೋಡುತ್ತ ಬರಲಿ, ಚಾಲಕ ಕನ್ನಡಿಯಲ್ಲಿ ಹೊಗೆ ಹುಡುಕುವುದು ಬೇಡ. ಮಂಜು, ಮಳೆ ಇದ್ದ ದಿನ ಹೊಗೆಗೂ ಹಬೆಗೂ ವ್ಯತ್ಯಾಸ ತಿಳಿಯದು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ಮಧ್ಯಾಹ್ನ ಸರಿಯಾದ ಹೊತ್ತು. ನ್ಯೂಟ್ರಲ್ ಮಾಡಿ ಇಳಿದರೆ ಬ್ರೇಕಿಗೂ ಅಪಾಯ, ಪರೀಕ್ಷೆಯೂ ಆಗುವುದಿಲ್ಲ.

ಹೊಗೆಯೇ ಕಾಣದೆ ಆಯಿಲ್ ಉರಿಯುವುದೂ ಉಂಟು. ಸಾವಿರಕ್ಕೆ 400–500 ಮಿಲಿ ಎಂದರೆ ಕಿಲೋಮೀಟರಿಗೆ ಅರ್ಧ ಮಿಲಿಗಿಂತ ಹೆಚ್ಚಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಅಷ್ಟನ್ನು ಅದೇ ಸುಟ್ಟು ಮುಚ್ಚಿಬಿಡುತ್ತದೆ. ಕೊನೆಗೆ ಅದೂ ಹಾಳಾಗುತ್ತದೆ.

ಹಂತ 6: ಪ್ಲಗ್ ಮತ್ತು ಕಂಪ್ರೆಷನ್

ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಯಾವ ಸಿಲಿಂಡರಿನದು ಯಾವುದೆಂದು ಗುರುತಿಟ್ಟು ಸಾಲಾಗಿ ಜೋಡಿಸಿ. ತುದಿ ತೆಳು ಕಂದು ಇದ್ದರೆ ಆರೋಗ್ಯ. ಒಂದೇ ಪ್ಲಗ್ ಕಪ್ಪಾಗಿ ಜಿಡ್ಡಾಗಿದ್ದರೆ ಆ ಸಿಲಿಂಡರ್ ಒಂದರದೇ ತೊಂದರೆ. ಎಲ್ಲವೂ ಹಾಗೇ ಇದ್ದರೆ ಬ್ರೀದರ್ ಅಥವಾ ಒಟ್ಟಾರೆ ಸವೆತ. ಪ್ಲಗ್ಗಿನ ಮೇಲ್ಭಾಗ, ಅಂದರೆ ಗುಂಡಿಯೊಳಗಿನ ಭಾಗ ಆಯಿಲಿನಲ್ಲಿ ಅದ್ದಿದಂತಿದ್ದರೆ ಅದು ಟ್ಯಾಪೆಟ್ ಕವರಿನ ಸೀಲ್, ರಿಂಗ್ಸ್ ಅಲ್ಲ.

ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷೆಗೆ ಗೇಜ್ ಬೇಕು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಗೇಜ್ ಇಟ್ಟುಕೊಂಡ ಎಂಜಿನ್ ಕೆಲಸದವರನ್ನು ವಿಚಾರಿಸಿ. ಕ್ರಮ ಹೀಗಿರಬೇಕು: ಎಂಜಿನ್ ಬಿಸಿ, ಎಲ್ಲ ಪ್ಲಗ್ ಹೊರಗೆ, ಇಂಧನ ಮತ್ತು ಇಗ್ನಿಷನ್ ಕಡಿತ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದು, ಬ್ಯಾಟರಿ ಗಟ್ಟಿ. ಪ್ರತಿ ಸಿಲಿಂಡರಿಗೆ ಐದಾರು ಸುತ್ತು ತಿರುಗಿಸಿ ಬರೆದುಕೊಳ್ಳಿ. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಬರುತ್ತದೆ. ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಡೀಸೆಲ್‌ಗೆ ಒತ್ತಡ ಇದರ ಎರಡರಷ್ಟಕ್ಕೂ ಮೇಲೆ, ಅದಕ್ಕೆ ಗೇಜೇ ಬೇರೆ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ, ಸುಮಾರು 5 ಮಿಲಿ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ಸ್ ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಕಂಪ್ರೆಷನ್ ಚೆನ್ನಾಗಿದ್ದರೂ ರಿಂಗ್ಸ್ ಕಾರಣ ಆಗಿರಬಹುದು ಎಂಬುದನ್ನು ಎಷ್ಟೋ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ. ಪಿಸ್ಟನ್ನಿನ ಮೇಲಿನ ಎರಡು ರಿಂಗ್ ಒತ್ತಡ ಹಿಡಿದರೆ, ಕೆಳಗಿನದು ಬೋರಿನ ಗೋಡೆಯ ಆಯಿಲ್ ಬಳಿದು ತೆಗೆಯುತ್ತದೆ. ಆಯಿಲ್ ಬದಲಿಸುವುದನ್ನು ವರ್ಷಗಟ್ಟಲೆ ಮುಂದೂಡಿದ ಎಂಜಿನ್ನಿನಲ್ಲಿ ಈ ಕೆಳಗಿನ ರಿಂಗ್ ಇಂಗಾಲ ಕಟ್ಟಿ ಅಂಟಿಕೊಳ್ಳುತ್ತದೆ. ಇಂಥದಕ್ಕೆ ಕೂಡಲೇ ಎಂಜಿನ್ ಬಿಚ್ಚಬೇಡಿ. ಮ್ಯಾನುಯಲ್ ಹೇಳುವ ಗ್ರೇಡಿನ ಒಳ್ಳೆಯ ಆಯಿಲನ್ನು ಎರಡು ಮೂರು ಸಲ ಅರ್ಧ ಅವಧಿಗೇ ಬದಲಿಸಿ ಲೆಕ್ಕ ನೋಡಿ. ಎಲ್ಲ ಗಾಡಿಗೂ ಗುಣ ಕಾಣುವುದಿಲ್ಲ, ಆದರೆ ಬೋರ್ ಮಾಡಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಹಂತ 7: ಡೀಸೆಲ್ ಗಾಡಿಗೆ ಟರ್ಬೊ

ಏರ್ ಫಿಲ್ಟರಿನಿಂದ ಟರ್ಬೊಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ), ಟರ್ಬೊದಿಂದ ಇಂಟರ್‌ಕೂಲರಿಗೆ (ಆ ಗಾಳಿ ತಣಿಸುವ ಭಾಗ) ಹೋಗುವ ಪೈಪುಗಳನ್ನು ಕಳಚಿ. ಒಳಗೆ ತೆಳು ಜಿಡ್ಡು ಇರುವುದು ಸಹಜ. ಆಯಿಲ್ ಮಡುಗಟ್ಟಿ ನಿಂತಿದ್ದರೆ ಅಲ್ಲ. ಎಂಜಿನ್ ಆಫ್ ಆಗಿ ತಣ್ಣಗಿರುವಾಗ ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲುಗಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರಬಹುದು. ಹಿಂದೆಮುಂದೆ ಕೈಗೆ ತಿಳಿಯುವ ಆಟ ಇದ್ದರೆ, ರೆಕ್ಕೆ ಗೋಡೆಗೆ ತಾಗುತ್ತಿದ್ದರೆ ಟರ್ಬೊ ಮುಗಿದಿದೆ. ಆ ತೀರ್ಮಾನಕ್ಕೆ ಬರುವ ಮೊದಲು ಏರ್ ಫಿಲ್ಟರ್ ನೋಡಿ. ಬೇಸಿಗೆಯ ಕೆಂಪು ಧೂಳು ಫಿಲ್ಟರನ್ನು ಕಟ್ಟಿಹಾಕಿದರೆ ಟರ್ಬೊ ಗಾಳಿಯ ಬದಲು ತನ್ನದೇ ಸೀಲಿನಿಂದ ಆಯಿಲ್ ಎಳೆಯುತ್ತದೆ. ಟರ್ಬೊದಿಂದ ಚೇಂಬರಿಗೆ ಆಯಿಲ್ ಮರಳುವ ಪೈಪ್ ಕಟ್ಟಿದ್ದರೂ ಹೀಗೇ.

ಘಾಟಿ ಹತ್ತಿ ಬಂದು ಟೀಗೆ ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಗಟ್ಟಿಯಾಗುವುದು ಇದರಿಂದ ತಪ್ಪುತ್ತದೆ.

ಎಚ್ಚರಿಕೆ: ಸೀಲ್ ಪೂರ್ತಿ ಕೈಕೊಟ್ಟ ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಇಂಧನ ಮಾಡಿಕೊಂಡು ಕೀ ತೆಗೆದರೂ ನಿಲ್ಲದೆ ರೇಸ್ ಆಗಬಹುದು. ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಿ.

ಹಂತ 8: ಕೂಲೆಂಟ್

ತಣ್ಣಗಿರುವಾಗ ಮಾತ್ರ ಕೂಲೆಂಟ್ ಟ್ಯಾಂಕ್ ತೆರೆಯಿರಿ. ಮೇಲೆ ಕಂದು ಕೆನೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್. ಗಾಡಿ ಓಡಿಸುವುದನ್ನು ನಿಲ್ಲಿಸಿ. ಆದರೆ ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಬಿಳಿ ಕೆನೆ ಕಂಡರೆ ಗಾಬರಿಯಾಗಬೇಡಿ. ಹತ್ತಿರದ ಓಟದಲ್ಲಿ ಒಳಗಿನ ತೇವ ಆರದೆ ಹಾಗಾಗುತ್ತದೆ. ಒರೆಸಿ, ಒಮ್ಮೆ 50–60 ಕಿಲೋಮೀಟರ್ ಓಡಿಸಿ. ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದು, ಕೂಲೆಂಟ್ ಮಟ್ಟ ಇಳಿಯದಿದ್ದರೆ ತೊಂದರೆಯಿಲ್ಲ.

ಮಾಡಬಾರದ್ದು

ಕೆಂಪು ಆಯಿಲ್ ದೀಪ ನಂಬಿ ಕೂರಬೇಡಿ. ಅದು ಮಟ್ಟವನ್ನಲ್ಲ, ಪ್ರೆಷರನ್ನು ತೋರಿಸುತ್ತದೆ. ಹೊತ್ತಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ತಿರುವಿನಲ್ಲಿ ಮಿಣುಕಿ ಆರಿದರೂ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಕಡಿಮೆಯಾದ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಗಾಳಿ ಹೀರಿದೆ ಎಂದರ್ಥ.

ಆಯಿಲ್ ಕಮ್ಮಿಯಾಗುತ್ತಿದೆ ಎಂದು ಸಿಕ್ಕಾಪಟ್ಟೆ ದಪ್ಪದ ಆಯಿಲ್ ಸುರಿಯಬೇಡಿ. ಮ್ಯಾನುಯಲ್ ಅನುಮತಿಸುವ ಗ್ರೇಡುಗಳಲ್ಲೇ ಒಂದು ಮೆಟ್ಟಿಲು ದಪ್ಪನೆಯದಕ್ಕೆ ಹೋಗಬಹುದು. ತುಂಬ ತೆಳುವಾದ ಹೊಸ ಗ್ರೇಡ್ ಹಾಕಿದ ಮೇಲೇ ಖರ್ಚು ಶುರುವಾಗಿದ್ದರೆ ಹಳೆಯದಕ್ಕೆ ಮರಳಿ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಗಳು ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸುತ್ತವೆ, ಸವೆದ ರಿಂಗಿಗೆ ಏನೂ ಮಾಡವು. ಕೆಸರು ಕಟ್ಟಿದ ಎಂಜಿನ್ನಿಗೆ ಫ್ಲಶ್ ಹಾಕಿದರೆ ಕಳಚಿದ ಕೆಸರು ಹೋಗಿ ಜಾಲರಿಯನ್ನೇ ಮುಚ್ಚಬಹುದು. ತೆಗೆದ ಹಳೇ ಆಯಿಲ್ ತೋಟದ ಕಪ್ಪಿಗೆ, ಹಳ್ಳಕ್ಕೆ ಬಿಡಬೇಡಿ. ಡಬ್ಬಿಗೆ ತುಂಬಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಎಂಜಿನ್ ಬಿಚ್ಚಲೇಬೇಕಾದರೆ

ನಿಮ್ಮ ಲೆಕ್ಕ, ಪ್ಲಗ್‌ಗಳ ಫೋಟೊ, ಕಂಪ್ರೆಷನ್ ಅಂಕಿ ಮೂರನ್ನೂ ಮೆಕ್ಯಾನಿಕ್ ಮುಂದಿಡಿ. ಬರೀ ವಾಲ್ವ್ ಸೀಲ್ ಆದರೆ, ಸಿಲಿಂಡರಿಗೆ ಗಾಳಿಯ ಒತ್ತಡ ಕೊಟ್ಟು ಹೆಡ್ ಇಳಿಸದೆಯೇ ಬದಲಿಸಲು ಎಷ್ಟೋ ಎಂಜಿನ್‌ಗಳಲ್ಲಿ ಸಾಧ್ಯ. ನಿಮ್ಮ ಗಾಡಿಗೆ ಆಗುತ್ತದೆಯೇ ಕೇಳಿ. ಹೆಡ್ ಇಳಿಸಿದರೆ ವಾಲ್ವ್ ಗೈಡ್ ಆಟವನ್ನೂ ನೋಡಿಸಿ, ಗೈಡ್ ಸವೆದಿದ್ದರೆ ಹೊಸ ಸೀಲ್ ಬಹಳ ದಿನ ಬಾಳದು. ಬ್ಲಾಕ್ ಕೆಲಸವಾದರೆ ಬೋರನ್ನು ಮೇಲೆ, ಮಧ್ಯೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಡಯಲ್ ಗೇಜಿನಿಂದ ಅಳೆಸಿ, ಅಂಕಿ ಬರೆಸಿಕೊಳ್ಳಿ. ಬೋರ್ ಮಿತಿಯೊಳಗಿದ್ದರೆ ಹೋನಿಂಗ್ (ಬೋರಿನ ಗೋಡೆಯನ್ನು ಹದವಾಗಿ ಉಜ್ಜುವುದು) ಮಾಡಿ ಹೊಸ ರಿಂಗ್ಸ್ ಹಾಕಿದರೆ ಸಾಕು. ಅಂಡಾಕಾರವಾಗಿದ್ದರೆ ಮಾತ್ರ ಬೋರಿಂಗ್ ಮತ್ತು ಓವರ್‌ಸೈಜ್ ಪಿಸ್ಟನ್. ತೆಗೆದ ಹಳೇ ಭಾಗಗಳನ್ನೆಲ್ಲ ಕೇಳಿ ಪಡೆಯಿರಿ.

ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಆಯಿಲ್ ಖರ್ಚಾಗುವುದು ಸಹಜ. ಮೊದಲ 500 ಕಿಲೋಮೀಟರ್ ಪ್ರತಿ ನೂರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಸಾವಿರಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಅಲ್ಲಿಂದ ಎರಡನೇ ಹಂತದ ಲೆಕ್ಕವನ್ನು ಹೊಸದಾಗಿ ಶುರುಮಾಡಿ. ಎರಡನೇ ಸಾವಿರದಲ್ಲೂ 300 ಮಿಲಿಗಿಂತ ಹೆಚ್ಚು ಇಳಿದರೆ ಕೆಲಸ ಮಾಡಿದವರ ಬಳಿಗೆ ಆ ನೋಟ್‌ಬುಕ್ ಸಮೇತ ಹೋಗಿ.